ಮೊದಲ ಸೊಸೆಯ ಹೆಪ್ಪು

"ಆ ಗಡಿಗೆ ಅಲ್ಲೇ ಇಡು. ಅದಕ್ಕೆ ಕೈ ಹಾಕೋದು ಬೇಡ ಅಂತ ಎಷ್ಟು ಸಲ ಹೇಳಬೇಕು ನಿನಗೆ?"

ಅತ್ತೆ ಕೂಗಿರಲಿಲ್ಲ. ಕೂಗಿದ್ದರೆ ಸೊಸೆಗೆ ಅಷ್ಟು ನೋವಾಗುತ್ತಿರಲಿಲ್ಲವೇನೋ... ಟೊಮೆಟೊ ಹೆಚ್ಚುತ್ತಿದ್ದ ಚಾಕುವನ್ನು ಪಕ್ಕಕ್ಕಿಟ್ಟು, ಪರರ ಮನೆಯ ಮಗುವಿಗೆ ಹೇಳುವಂತೆ ಮೆತ್ತಗೆ ಹೇಳಿದ್ದರು. ಗಡಿಗೆಯ ಹೊರಮೈಗೆ ಅಂಟಿದ್ದ ಹಾಲನ್ನು ಒರೆಸೋಣವೆಂದು ಅವಳು ಎತ್ತಿದ್ದಳು, ಅಷ್ಟೆ. ಎತ್ತಿದಷ್ಟೇ ಜೋಪಾನವಾಗಿ ಗೂಡಿನಲ್ಲಿಟ್ಟು, ಈರುಳ್ಳಿ ಬುಟ್ಟಿಯನ್ನು ಎಳೆದುಕೊಂಡು ಕೂತಳು. ಈರುಳ್ಳಿ ಹೆಚ್ಚುವಾಗ ಕಣ್ಣಲ್ಲಿ ನೀರು ಬಂದರೆ ಯಾರೂ ಯಾಕೆಂದು ಕೇಳುವುದಿಲ್ಲ, ನೋಡಿ.

ಅವಳು ಈ ಹೊಲದ ಮನೆಗೆ ಎರಡನೆಯ ಹೆಂಡತಿಯಾಗಿ ಬಂದು ಎಂಟು ತಿಂಗಳಾಗಿತ್ತು. ದರ್ಜಿಯ ಮಗಳು. ಪೇಟೆಯಲ್ಲಿ ಅಂಗಡಿಯ ಹಿಂದಿನ ಎರಡು ಕೋಣೆಗಳಲ್ಲಿ ಬೆಳೆದವಳು. ಹಾಲು, ಮೊಸರು ಎರಡನ್ನೂ ಅಂಗಡಿಯಿಂದ ತಂದು ಗೊತ್ತಿತ್ತೇ ಹೊರತು ಹಸುವಿನ ಹತ್ತಿರ ನಿಂತು ಗೊತ್ತಿರಲಿಲ್ಲ. ಬಂದ ಮೇಲೆ ಎಲ್ಲ ಕಲಿತಳು. ಹಾಲು ಕರೆಯುವುದು, ಸಗಣಿ ಬಾಚುವುದು, ಹಣ್ಣಿನ ಪಾಕ ಕಾಯಿಸಿ ಬಾಟಲಿಗೆ ತುಂಬುವುದು, ಕೋಳಿಯಿಂದ ಕುಕ್ಕಿಸಿಕೊಳ್ಳದೆ ಮೊಟ್ಟೆ ಎತ್ತುವುದು. ಹಳೆಯ ಅಂಗಿ, ಹರಿದ ಹೊದಿಕೆಗಳನ್ನು ಪಟ್ಟಿ ಪಟ್ಟಿಯಾಗಿ ಕತ್ತರಿಸಿ, ಜಡೆ ಹೆಣೆದು, ಸುತ್ತಿ ಹೊಲಿದು ಬಾಗಿಲಿಗೊಂದರಂತೆ ಕಾಲೊರಸು ಮಾಡಿ ಹಾಕಿದಳು. ಅತ್ತೆ ಅದರ ಮೇಲೆ ಕಾಲಿಡುವಾಗ ಒಂದು ಕ್ಷಣ ನಿಂತು ನೋಡುತ್ತಿದ್ದರು. ಚೆನ್ನಾಗಿದೆ ಎನ್ನಲಿಲ್ಲ, ಚೆನ್ನಾಗಿಲ್ಲ ಎನ್ನಲೂ ಇಲ್ಲ. ಗಂಡನೋ, ದನದ ಕೊಟ್ಟಿಗೆಯಲ್ಲಿ ಅರ್ಧ ಆಯಸ್ಸು ಕಳೆದ ಮನುಷ್ಯ, ಹಸುಗಳ ಜೊತೆ ಆಡುವಷ್ಟು ಮಾತನ್ನು ಮನುಷ್ಯರ ಜೊತೆ ಆಡುತ್ತಿರಲಿಲ್ಲ.

ಆ ಗಡಿಗೆಯದು ಮಾತ್ರ ಬೇರೆಯೇ ಕಥೆ. ಮೂರು ವರ್ಷದ ಹಿಂದೆ ತೀರಿಹೋದ ಮೊದಲ ಸೊಸೆ ಕೊನೆಯ ಸಂಜೆ ಹಾಲಿಗೆ ಹೆಪ್ಪು ಹಾಕಿ ಮಲಗಿದ್ದಳಂತೆ. ಬೆಳಿಗ್ಗೆ ಅವಳು ಏಳಲಿಲ್ಲ, ಗಡಿಗೆಯಲ್ಲಿ ಮೊಸರು ಗಟ್ಟಿಯಾಗಿ ಕೂತಿತ್ತು. ಅದರ ಒಂದು ಚಮಚ ಮರುದಿನದ ಹಾಲಿಗೆ, ಅದರದೊಂದು ಚಮಚ ಅದರ ಮರುದಿನಕ್ಕೆ... ಹೀಗೆ ಒಂದು ದಿನವೂ ತಪ್ಪದೆ ಅವಳ ಹೆಪ್ಪು ಈ ಮನೆಯಲ್ಲಿ ನಡೆದುಕೊಂಡು ಬಂದಿದೆ, ಹೊರಗಿನದು ಸೋಕಿಯೇ ಇಲ್ಲ ಎಂಬುದು ಅತ್ತೆಯ ಹೆಮ್ಮೆ. ಊಟದ ಕೊನೆಗೆ ಒಂದು ಚಮಚ ಮೊಸರು ಬಾಯಿಗಿಟ್ಟು, ಕಣ್ಣು ಮುಚ್ಚಿ, "ನನ್ನ ಸೊಸೆಯ ಕೈ" ಎನ್ನುತ್ತಿದ್ದರು. ಇನ್ನೊಬ್ಬ ಸೊಸೆ ಸೌಟು ಹಿಡಿದು ಎದುರಿಗೇ ನಿಂತಿರುತ್ತಿದ್ದಳು.

ಹೆಪ್ಪು ಹಾಕುವ ಅಧಿಕಾರವೆಲ್ಲ ಹದಿಮೂರರ ಪುಟ್ಟಿಯದು, ಸತ್ತವಳ ಮಗಳದು. ಸಂಜೆಯಾದರೆ ಅಡುಗೆಮನೆಯ ಬಾಗಿಲು ಹಾಕಿಕೊಂಡೇ ಅವಳು ಆ ಕೆಲಸ ಮಾಡುತ್ತಿದ್ದಳು. ಈಗಿನ ಸೊಸೆಗೆ, ಅಂದರೆ ಪುಟ್ಟಿಯ ಚಿಕ್ಕಮ್ಮನಿಗೆ, ಇದೇ ಸೋಜಿಗ. ಕುತೂಹಲ ಅವಳ ಹುಟ್ಟುಗುಣ. ಅಪ್ಪ ಹೊಲಿದ ಅಂಗಿಯ ಕಾಲರಿನೊಳಗೆ ಏನಿದೆಯೆಂದು ಬಿಚ್ಚಿ ನೋಡಿ ಅಳತೆಕೋಲಿನ ಪೆಟ್ಟು ತಿಂದವಳು. ಹಾಲು ಮೊಸರಾಗುವುದರಲ್ಲಿ ಬಾಗಿಲು ಹಾಕಿಕೊಳ್ಳುವಂಥದ್ದೇನಿದೆ? ಕೇಳಿಯೂ ಬಿಟ್ಟಳು.

"ಗಾಳಿ ತಾಗಬಾರದು ಚಿಕ್ಕಮ್ಮ" ಎಂದಳು ಹುಡುಗಿ, ಮುಖ ನೋಡದೆ.

ಇನ್ನೊಂದು ವಿಷಯವೂ ಇತ್ತು. ಹದಿನೈದು ದಿನಕ್ಕೋ ತಿಂಗಳಿಗೋ ಒಮ್ಮೆ ಪುಟ್ಟಿ ಮುಚ್ಚಳದ ಬಟ್ಟಲೊಂದನ್ನು ಹಿಡಿದು, ಹೊಲದಾಚೆ ಜೇನು ಸಾಕುವ ಹೆಂಗಸಿನ ಮನೆಗೆ ಹೋಗುತ್ತಿದ್ದಳು. "ಜೇನಕ್ಕನಿಗೆ ನಮ್ಮ ಮೊಸರು ಅಂದ್ರೆ ಇಷ್ಟ" ಎಂಬುದು ಅವಳ ಉತ್ತರ. ಆದರೆ ಹೋಗುವಾಗ ಬಟ್ಟಲನ್ನು ಬೀಸಿಕೊಂಡು ಹೋಗುವ ಹುಡುಗಿ, ಬರುವಾಗ ಅದನ್ನು ಎರಡೂ ಕೈಯಲ್ಲಿ ಹಿಡಿದು ಮೆಲ್ಲಗೆ ಬರುತ್ತಿದ್ದಳು. ಕಿಟಕಿಯಲ್ಲಿ ನಿಂತು ಇದನ್ನು ನೋಡಿದ ಚಿಕ್ಕಮ್ಮನಿಗೆ ಎಷ್ಟು ತಲೆ ಕೆರೆದುಕೊಂಡರೂ ತಾಳೆಯಾಗಲಿಲ್ಲ.

ಅತ್ತೆ ತಮ್ಮ ಮಗಳ ಮನೆಗೆಂದು ಒಂದು ರಾತ್ರಿಯ ಮಟ್ಟಿಗೆ ಹೋದರು. ಅವರು ಹೋದ ದಿನವೇ ಪುಟ್ಟಿಗೆ ಜ್ವರ ಬಂತು. ಅತ್ತ ಕೊಟ್ಟಿಗೆಯಲ್ಲಿ ತುಂಬು ಗಬ್ಬದ ಹಸು. ಗಂಡ ಅಲ್ಲಿಂದ ಕದಲುವಂತಿರಲಿಲ್ಲ. ಸಂಜೆ ಹಾಲು ಕಾಯಿಸಿ ಇಳಿಸಿದಾಗ ಹುಡುಗಿ ಮಾತ್ರೆ ನುಂಗಿ ಆಗತಾನೆ ಕಣ್ಣು ಮುಚ್ಚಿದ್ದಳು. ಇಷ್ಟಕ್ಕೆ ಅವಳನ್ನು ಎಬ್ಬಿಸುವುದೇಕೆ ಎಂದುಕೊಂಡಳು ಚಿಕ್ಕಮ್ಮ. ಅದು ಸುಳ್ಳಲ್ಲ. ಆದರೆ ಒಂದೇ ಒಂದು ಸಲ ತನ್ನ ಕೈಯಿಂದಲೂ ಆಗಲಿ, ಅತ್ತೆ ಕಣ್ಣು ಮುಚ್ಚಿ ತಿನ್ನಲಿ, ಆಮೇಲೆ ಹೇಳೋಣ ಎಂಬ ಆಸೆಯೂ ಇತ್ತು. ಅದೇನು ಮಹಾಪಾಪವೇ?

ಗಡಿಗೆಯಲ್ಲಿ ನಾಲ್ಕು ಚಮಚದಷ್ಟೇ ಮೊಸರು ಉಳಿದಿತ್ತು. ಎಲ್ಲವನ್ನೂ ಬಳಿದು ಹಾಕಿದಳು, ಹೆಚ್ಚಿದ್ದಷ್ಟೂ ಒಳ್ಳೆಯದೆಂದು. ಅದೂ ಹೊಗೆಯಾಡುವ ಹಾಲಿಗೆ. ಕಾಲರಿನ ಅಂಟುಬಟ್ಟೆ ಇಸ್ತ್ರಿಯ ಬಿಸಿಗೇ ಗಟ್ಟಿಯಾಗಿ ಹಿಡಿಯುವುದನ್ನು ನೋಡಿ ಬೆಳೆದವಳಿಗೆ, ಬಿಸಿ ಇದ್ದರೇ ಚೆನ್ನಾಗಿ ಹಿಡಿದೀತು ಎನ್ನಿಸಿದ್ದರಲ್ಲಿ ಆಶ್ಚರ್ಯವೇನಿಲ್ಲ.

ಬೆಳಿಗ್ಗೆ ಮುಚ್ಚಳ ತೆಗೆದರೆ ಮೇಲೆ ಹಳದಿ ನೀರು, ಕೆಳಗೆ ಮರಳಿನಂಥ ಕಾಳು ಕಾಳು. ಮುಚ್ಚಿಟ್ಟು, ಅಂಗಳ ಗುಡಿಸಿ ಬಂದು ಮತ್ತೆ ತೆಗೆದು ನೋಡಿದಳು. ನೀರು ಇನ್ನಷ್ಟು ಹೆಚ್ಚಿತ್ತು. ಗಡಿಗೆ ಹಿಡಿದುಕೊಂಡೇ ಪುಟ್ಟಿಯ ಹಾಸಿಗೆಯ ಪಕ್ಕ ಹೋಗಿ ಕೂತಳು.

"ಪುಟ್ಟಿ... ನಿಮ್ಮಮ್ಮನ ಹೆಪ್ಪು ಕೆಡಿಸಿಬಿಟ್ಟೆ ಕಣೇ. ಬೇಕು ಅಂತ ಅಲ್ಲ. ನನ್ನನ್ನ ಬೈದುಬಿಡು, ಹೊಡಿ ಬೇಕಾದ್ರೆ..."

ಪುಟ್ಟಿ ಎದ್ದು ಗಡಿಗೆಯೊಳಗೆ ಇಣುಕಿದಳು. ಬೈಯಲಿಲ್ಲ.

"ಅದು ಅಮ್ಮನದಲ್ಲ ಚಿಕ್ಕಮ್ಮ."

"ಅಂದ್ರೆ?"

"ಅಮ್ಮ ಹೋಗಿ ಒಂದು ತಿಂಗಳಿಗೇ ನಾನು ಕೆಡಿಸಿದೆ. ಇದೇ ಥರ. ಅಜ್ಜಿ ಊಟಕ್ಕೆ ಕೂತಿದ್ಳು, ಹಿಂದಿನ ಬಾಗಿಲಿಂದ ಓಡಿಹೋಗಿ ಜೇನಕ್ಕನ ಹತ್ರ ಮೊಸರು ತಂದು ಹಾಕಿದೆ. ಅಜ್ಜಿ ತಿಂದು... ನಿನ್ನಮ್ಮನ ಕೈ ಇನ್ನೂ ಇದೆ ಅಂದ್ಳು. ಆಮೇಲೆ ಹೇಗೆ ಹೇಳ್ಲಿ? ಹುಳಿಯಾದಾಗೆಲ್ಲ ಮತ್ತೆ ಹೋಗಿ ತರ್ತೀನಿ." ಕೆನ್ನೆ ಒರೆಸಿಕೊಂಡು ಅವಳು ಅವಸರದಿಂದ ಹೇಳಿದಳು: "ನೀವೂ ಈಗಲೇ ಹೋಗಿ ತನ್ನಿ. ಅಜ್ಜಿಗೆ ಗೊತ್ತೇ ಆಗಲ್ಲ."

ಬಟ್ಟಲು ಹಿಡಿದು ಹಿಂದಿನ ಬಾಗಿಲ ತನಕ ಹೋದಳು ಚಿಕ್ಕಮ್ಮ. ಅಷ್ಟರಲ್ಲಿ ಮುಂದಿನ ಗೇಟು ಕಿರ್ ಎಂದಿತು. ಹೊಲಕ್ಕೆ ಜಾರಿಕೊಳ್ಳಲು ಇನ್ನೂ ಹೊತ್ತಿತ್ತು. ಆದರೆ ಹತ್ತು ವರ್ಷದ ಮಗುವೊಂದು ಇದೇ ಬಾಗಿಲಲ್ಲಿ ಬಟ್ಟಲು ಹಿಡಿದು ಓಡಿದ್ದು ಕಣ್ಣಿಗೆ ಕಟ್ಟಿತು. ಇವತ್ತು ತಾನೂ ಓಡಿದರೆ ಈ ಹುಡುಗಿ ಇನ್ನೆಷ್ಟು ವರ್ಷ ಓಡಬೇಕು? ಬೈಗುಳವೆಲ್ಲ ತನ್ನ ಪಾಲಿಗೇ ಬರಲಿ, ಹುಡುಗಿಯ ಹೊರೆ ಇಂದಿಗೆ ಇಳಿಯಲಿ ಎಂದುಕೊಂಡು ಅವಳು ನಡುಮನೆಗೆ ಬಂದಳು.

"ಅತ್ತೆ, ನಿನ್ನೆ ಹೆಪ್ಪು ಹಾಕಿದ್ದು ನಾನು. ಕೆಟ್ಟುಹೋಯ್ತು. ಒಂದು ಚಮಚವೂ ಉಳಿದಿಲ್ಲ."

ಅತ್ತೆಯ ಕೈಚೀಲ ನೆಲಕ್ಕೆ ಬಿತ್ತು. ಗಡಿಗೆಯನ್ನು ನೋಡಿದರು, ಅವಳನ್ನು ನೋಡಿದರು.

"ಅವಳ ಜಾಗಕ್ಕೆ ಬಂದೆ, ಅವಳ ಗಂಡ ಸಿಕ್ಕಿದ, ಮಗಳು ಸಿಕ್ಕಿದ್ಳು. ಇದೊಂದನ್ನ ಅವಳಿಗೆ ಅಂತ ಬಿಡಬಾರದಿತ್ತಾ?... ಅವಳ ಗುರುತು ಅಂತ ಇದ್ದದ್ದೇ ಅದು. ನಿನ್ನ ತವರಿಗೆ ಹೋಗು. ನಾಲ್ಕು ದಿನ ನನ್ನ ಕಣ್ಣಿಗೆ ಬೀಳಬೇಡ."

ಅವಳು ತಲೆ ಬಗ್ಗಿಸಿ ನಿಂತಳೇ ಹೊರತು ಒಂದು ಮಾತೂ ಆಡಲಿಲ್ಲ. ಪುಟ್ಟಿಯ ಗುಟ್ಟು ಹೇಳಿದ್ದರೆ ಅರೆಕ್ಷಣದಲ್ಲಿ ಉಳಿದುಕೊಳ್ಳುತ್ತಿದ್ದಳು.

"ಚಿಕ್ಕಮ್ಮ ಹೋಗೋದಾದ್ರೆ ನಾನೂ ಹೋಗಬೇಕು ಅಜ್ಜಿ."

ಹೊದಿಕೆ ಸುತ್ತಿಕೊಂಡು ಪುಟ್ಟಿ ಬಾಗಿಲಲ್ಲಿ ನಿಂತಿದ್ದಳು. ಗೋಡೆ ಹಿಡಿದುಕೊಂಡು, ತಡವರಿಸುತ್ತ, ಒಂದನ್ನೂ ಮುಚ್ಚಿಡದೆ ಎಲ್ಲ ಹೇಳಿದಳು. ಮುದುಕಿ ಮೆಲ್ಲಗೆ ಕುರ್ಚಿಯಲ್ಲಿ ಕೂತರು.

"ಹಾಗಾದ್ರೆ ಮೂರು ವರ್ಷದಿಂದ ನಾನು ತಿಂದದ್ದು ಯಾರ ಕೈದು?"

"ನಂದು" ಎಂದಳು ಪುಟ್ಟಿ.

"ನಿಂದೇ ಅಂತ ಅವತ್ತೇ ಹೇಳಿದ್ರೆ ನಿನ್ನನ್ನೇ ಹೊಗಳ್ತಿದ್ದೆನಲ್ಲೇ... ಮೂರು ವರ್ಷ ಎದುರಿಗೆ ಕೂತಿದ್ದೆ ನೀನು. ಒಂದು ದಿನ ಚೆನ್ನಾಗಿದೆ ಮಗಳೇ ಅನ್ನಲಿಲ್ಲ ನಾನು." ಅವರು ಹುಡುಗಿಯ ಬಿಸಿ ಅಂಗೈಯನ್ನು ತಮ್ಮ ಕೆನ್ನೆಗೆ ಒತ್ತಿಕೊಂಡರು. ಆಮೇಲೆ, ಈಗತಾನೆ ಯಾರೋ ಸುದ್ದಿ ತಂದು ಹೇಳಿದ ಹಾಗೆ, "ಅಂದ್ರೆ ಅವಳು ಹೋಗಿ ಮೂರು ವರ್ಷ ಆಯ್ತು" ಎಂದರು. ಎಂದವರೇ ಬಿಕ್ಕಿ ಬಿಕ್ಕಿ ಅಳತೊಡಗಿದರು. ಸೊಸೆ ಹೋಗಿ ನೆಲದ ಮೇಲೆ ಅವರ ಕಾಲ ಬಳಿ ಕೂತಳು. ಅವಳ ಹೆಗಲ ಮೇಲೆ ಬಿದ್ದ ಮುದುಕಿಯ ಇನ್ನೊಂದು ಕೈ ಅಲ್ಲೇ ಉಳಿಯಿತು. ಮೂವರೂ ಕಣ್ಣು ಬತ್ತುವ ತನಕ ಅತ್ತರು.

ಕೊಟ್ಟಿಗೆಯಿಂದ ಕೈ ಒರೆಸಿಕೊಳ್ಳುತ್ತ, ಮುಖವೆಲ್ಲ ನಗುವಾಗಿ ಬಂದ ಗಂಡ ಹೊಸ್ತಿಲಲ್ಲೇ ನಿಂತುಬಿಟ್ಟ. ಒಬ್ಬೊಬ್ಬರನ್ನೇ ನೋಡಿದ.

"ಯಾಕೆ ಅಳ್ತಿದ್ದೀರಿ ಮೂರೂ ಜನ? ಕರು ಚೆನ್ನಾಗೇ ಇದೆ."

ಅತ್ತೆ ಮೂಗು ಒರೆಸಿಕೊಂಡರು.

"ಕೈಕಾಲು ತೊಳೆದು ಊಟಕ್ಕೆ ಕೂರು. ಇವತ್ತು ಮೊಸರಿಲ್ಲ. ಸಂಜೆ ನಿನ್ನ ಹೆಂಡತಿ ಹೆಪ್ಪು ಹಾಕ್ತಾಳೆ."