ಡ್ರಾಯರಿನ ಚೀಟಿಯ ನಂಬರು

ಇನ್ನೊಂದು ಕಾಲರ್ ಸೊಟ್ಟಗಾದರೆ ಕೆಲಸಕ್ಕೆ ಬರಬೇಡ ಎಂದು ಸೂಪರ್‌ವೈಸರ್ ಹೇಳಿದ್ದರು. ನನಗೋ ಹತ್ತಿರದ್ದು ಮಂಜು ಮಂಜು. ಕಣ್ಣಿನ ಡಾಕ್ಟರ ಹತ್ತಿರ ಹೋದರೆ ಗೋಡೆಯ ಮೇಲಿನ ಅಕ್ಷರಗಳನ್ನು ಜೋರಾಗಿ ಓದಬೇಕು. ಶಾಲೆ ಬಿಟ್ಟು, ತಡವರಿಸಿ ಓದುವವಳಿಗೆ ನಾಚಿಕೆ. ಹಾಗಾಗಿ ನನ್ನ ಹೊಲಿಗೆ ಮಿಷನ್ನಿನ ಡ್ರಾಯರಿನಲ್ಲಿ ಸಿಕ್ಕಿದ ಯಾರದೋ ಕಣ್ಣಿನ ಚೀಟಿಯ ನಂಬರು ಹಾಕಿ, ಮೊಬೈಲಿನಲ್ಲೇ ಕನ್ನಡಕ ತರಿಸಿದೆ.

ಡಬ್ಬಿ ತೆರೆದಾಗ, ಯಾರೋ ಈಗಷ್ಟೇ ಮುಖದಿಂದ ತೆಗೆದಿಟ್ಟಂತೆ ಅದು ಬೆಚ್ಚಗಿತ್ತು. ಹಾಕಿಕೊಂಡು ಕೂತರೆ ಹೊಲಿಗೆ ಮಾತ್ರ ಗೆರೆ ಎಳೆದಂತೆ ಬಂತು.

“ಏನಮ್ಮಾ, ಕನ್ನಡಕ ಬಂದಿದ್ದೇ ತಡ, ಮೇಡಂ ಆಗ್ಬಿಟ್ಟೆ!” ಎಂದು ಪಕ್ಕದ ಮಿಷನ್ನಿನ ಅಕ್ಕ ನಕ್ಕರು. ಆಮೇಲೆ ನಗು ನಿಲ್ಲಿಸಿ, “ಎಡಗೈಲಿ ದಾರ ಪೋಣಿಸೋದು ಯಾವಾಗ ಕಲಿತೆ? ಮುಂಚೆ ಇಲ್ಲಿ ಕೂರ್ತಿದ್ದೋಳು, ಪಾಪ, ತೀರ್ಕೊಂಡ್ಲಲ್ಲ, ಅವಳೊಬ್ಬಳೇ ಹಾಗೆ ಪೋಣಿಸ್ತಿದ್ದಿದ್ದು” ಎಂದರು.

ಈಗಲೂ ಅದನ್ನೇ ಹಾಕಿಕೊಂಡು ಹೊಲಿಯುತ್ತೇನೆ. ತೆಗೆದರೆ ಸೂಜಿಯ ತೂತು ಕಾಣುವುದಿಲ್ಲ. ಹಾಕಿಕೊಂಡರೆ ಬಲಗೈ ಮೇಲೇಳುವುದಿಲ್ಲ.