ತಂಗೆವ್ವಾಯಿ ಹಾಡುತ್ತಿದ್ದ ಅರ್ಧ

"ಮುಂದ?" ಎಂದಳು ಮಾಲಾ.

ವೈಶಾಲಿ ಪೆನ್ನಿನ ತುದಿ ಕಚ್ಚುತ್ತ ಕೂತಿದ್ದಳು. ನೋಟ್‌ಬುಕ್ಕಿನಲ್ಲಿ ಮೊದಲ ಎರಡು ಸಾಲು ಪೂರ್ತಿ ಇದ್ದವು. ಮೂರನೆಯ ಸಾಲಿನ ಎಡಗಡೆ ಖಾಲಿ. ಬಲಗಡೆ ಮಾತ್ರ 'ತಾಯಿ ಕರದರ ಬರವಲ್ದೋ' ಎಂದಿತ್ತು. ನಾಲ್ಕನೆಯದೂ ಹಾಗೆಯೇ, ಐದನೆಯದೂ ಹಾಗೆಯೇ.

"ನಿನಗ ಬರ್ತೈತೇನು?" ಎಂದು ವೈಶಾಲಿ ತಿರುಗಿ ಕೇಳಿದಳು.

"ನನಗೂ ಹಿಂದಿನ ಅರ್ಧಾನ ಬರ್ತೈತಿ. ನಾವಿಬ್ರೂ ಹಿಂದ ಕುಂದ್ರಾವರಲ್ಲ."

ಹೌದು. ಡೊಳ್ಳಿನ ಹಾಡೆಂದರೆ ಹಾಗೆ. ಮೊದಲ ಎರಡು ಸಾಲನ್ನು ಮುಂದಿನವರೂ ಹಿಂದಿನವರೂ ಕೂಡಿ ಹಾಡುತ್ತಾರೆ. ಆಮೇಲೆ ಮುಂದೆ ಕೂತವರು ಸಾಲಿನ ಮೊದಲ ಅರ್ಧ ಹಾಡುತ್ತಾರೆ. ಹಿಂದೆ ಕೂತವರು ಉಳಿದ ಅರ್ಧವನ್ನು ಎತ್ತಿಕೊಳ್ಳುತ್ತಾರೆ. ಇವರ ಮೇಳದಲ್ಲಿ ಮುಂದೆ ಕೂರುತ್ತಿದ್ದವಳು ಮುದುಕಿ ತಂಗೆವ್ವಾಯಿ. ವೈಶಾಲಿ, ಮಾಲಾ ಮೂರು ವರ್ಷದಿಂದ ಅವಳ ಬೆನ್ನ ಹಿಂದೆ. ಲೋಕಾಪುರ, ತೇರದಾಳ, ಬಾಡಗಂಡಿ, ಎಲ್ಲಿಂದ ಕರೆ ಬಂದರೂ ಟಂಟಂ ಗಾಡಿಯಲ್ಲಿ ಅವಳ ಪಕ್ಕದಲ್ಲೇ ಕೂತು ಹೋಗಿ ಬಂದಿದ್ದರು.

ಹತ್ತು ದಿನದ ಹಿಂದೆ ತಂಗೆವ್ವಾಯಿ ತೀರಿಕೊಂಡಳು. ಜ್ವರವೆಂದು ಮುಧೋಳದ ದವಾಖಾನೆಗೆ ಹೋದವಳು ತಿರುಗಿ ಬರಲಿಲ್ಲ.

ಈ ರವಿವಾರ ಬೀರಪ್ಪನ ಗುಡಿಯ ಮುಂದೆ ಅವಳಿಗೆ ಹಾಡಿನ ಸೇವೆ. ತೇರದಾಳದ ಮೇಳದವರೂ ಬರುತ್ತೇವೆ ಅಂದಿದ್ದಾರೆ. ಯಾವ ಹಾಡು ಹಾಡುವುದು ಎಂದು ಡೊಳ್ಳು ಬಾರಿಸುವ ಹಿರಿಯ ಗಿರಮಲ್ಲ ಮುತ್ಯಾ ಕೇಳಿದಾಗ ಎಲ್ಲರ ಬಾಯಲ್ಲೂ ಒಂದೇ ಹೆಸರು ಬಂತು. ಹೊಳೆ ದಾಟಿದ ಕುರಿಮರಿಯ ಹಾಡು. ತಂಗೆವ್ವಾಯಿ ತಾನೇ ಕಟ್ಟಿದ್ದು. ಬರೀ ಏಳು ಸಾಲು. ಆದರೆ ಅದು ಯಾರಿಗೆ ಬರುತ್ತದೆ? ಆಯಿಗೆ ಬರೆಯಲು ಬರುತ್ತಿರಲಿಲ್ಲ. ಮೇಳದ ಹಾಡುಗಳ ವಿಡಿಯೋ ತೆಗೆಯುತ್ತಿದ್ದ ಕಲ್ಮೇಶಣ್ಣನ ಮೊಬೈಲಿನಲ್ಲಿ ಎರಡು ವಿಡಿಯೋ ಇದ್ದವು, ಅವುಗಳಲ್ಲಿ ಡೊಳ್ಳಿನ ಸದ್ದಿನೊಳಗೆ ಅವಳ ದನಿ ಮುಳುಗಿಹೋಗಿತ್ತು.

ಎಲ್ಲರೂ ಒಬ್ಬರ ಮುಖ ಒಬ್ಬರು ನೋಡಿದರು. ಅದನ್ನು ತಡೆಯಲಾರದೆ ವೈಶಾಲಿ ಹೇಳಿಬಿಟ್ಟಳು. "ನನಗ ಪೂರಾ ಬರ್ತೈತಿ, ಮುತ್ಯಾ."

ಸುಳ್ಳು ಹೇಳಬೇಕೆಂದು ಹೇಳಿದ್ದಲ್ಲ. ನೂರು ಸಲ ಹಾಡಿದ ಹಾಡು ಬರುವುದಿಲ್ಲವೆಂದು ಯಾರಿಗೆ ಅನಿಸುತ್ತದೆ? ಬರೆಯಲು ಕೂತಾಗಲೇ ಗೊತ್ತಾಗಿದ್ದು, ತನ್ನ ಹತ್ತಿರ ಇರುವುದು ಬರೀ ಬಾಲ ಎಂದು.

ಶನಿವಾರ ಶಾಲೆಯಿಂದ ಬಂದವಳೇ ಮತ್ತೆ ನೋಟ್‌ಬುಕ್ ತೆಗೆದಳು. ಕಣ್ಣು ಮುಚ್ಚಿ ಕೂತರೂ ಏನೂ ನೆನಪಾಗಲಿಲ್ಲ. ಕೊನೆಗೆ ಮೂರನೆಯ ಸಾಲಿನ ಖಾಲಿ ಜಾಗದಲ್ಲಿ 'ಬೆಳ್ಳನ ಮರಿಯೊಂದು ಹಿಂದಕ ಉಳದೈತಿ' ಎಂದು ಬರೆದಳು. ತಾಳಕ್ಕೆ ಸರಿಯಾಗಿ ಕೂತಿತು. ಉಳಿದ ನಾಲ್ಕನ್ನೂ ಹಾಗೆಯೇ ತುಂಬಿದಳು.

ಮಾಲಾ ಓದಿ ನೋಡಿದಳು. "ಆಯಿ ಹಿಂಗ ಹಾಡ್ತಿದ್ಲ?"

"ಹೂಂ. ನೆನಪಾತು."

ಮಾಲಾ ಆ ಸಾಲುಗಳ ಮೇಲೆ ಬೆರಳಾಡಿಸಿದಳು. ಅವಳ ಕಣ್ಣು ತುಂಬಿದವು. "ನನಗ್ಯಾಕ ಒಂದೂ ನೆನಪಾಗವಲ್ದು?" ಎಂದಳು.

ವೈಶಾಲಿ ನೋಟ್‌ಬುಕ್ ಮುಚ್ಚಿ ಶಾಲೆಯ ಪಾಟೀಚೀಲದೊಳಗೆ ಇಟ್ಟಳು.

ರವಿವಾರ ಮಧ್ಯಾಹ್ನ ಮೋಡ ಕವಿದಿತ್ತು. ಗುಡಿಯ ಕಟ್ಟೆಯ ಮೇಲೆ ತಂಗೆವ್ವಾಯಿಯ ಫೋಟೋ ಇಟ್ಟಿದ್ದರು. ರೇಷನ್ ಕಾರ್ಡಿನ ಫೋಟೋವನ್ನು ದೊಡ್ಡದು ಮಾಡಿಸಿದ್ದು, ಮುಖ ಸ್ವಲ್ಪ ಮಸುಕಾಗಿತ್ತು. ತೇರದಾಳದವರು ಎರಡು ಹಾಡು ಹಾಡಿ ಎದ್ದರು. ವೈಶಾಲಿ ಮೊದಲ ಸಲ ಮುಂದಿನ ಚಾಪೆಯ ಮೇಲೆ ಕೂತಳು. ಮಾಲಾ ಹಿಂದೆ. ಕಲ್ಮೇಶಣ್ಣ ಹತ್ತಿರ ಬಂದು ಮೊಬೈಲ್ ಹಿಡಿದ. ಯೂಟ್ಯೂಬಿಗೆ ಹಾಕುತ್ತಾನಂತೆ. ಇನ್ನು ಆಯಿಯ ಹಾಡು ಎಲ್ಲಿಯೂ ಹೋಗುವುದಿಲ್ಲವಂತೆ.

ಎರಡು ಸಾಲು ಸಲೀಸಾಗಿ ಹೋದವು. ಮೂರನೆಯದು ಬಂತು.

"ಬೆಳ್ಳನ ಮರಿಯೊಂದು ಹಿಂದಕ ಉಳದೈತಿ..."

ಮಾಲಾ ಹಿಂದಿನಿಂದ ಎತ್ತಿಕೊಂಡಳು. ಯಾರೂ ತಲೆ ಎತ್ತಿ ನೋಡಲಿಲ್ಲ. ಯಾರಿಗೂ ಗೊತ್ತಾಗಲಿಲ್ಲ. ವೈಶಾಲಿಗೆ ಉಸಿರು ಬಂದಂತಾಯಿತು.

ಆಗ ಅವಳಿಗೆ ರತ್ನಾಬಾಯಿ ಕಂಡಳು. ತಂಗೆವ್ವಾಯಿಯ ಮಗಳು, ಬೀಳಗಿಗೆ ಕೊಟ್ಟವಳು. ಹೆಂಗಸರ ನಡುವೆ ಕೂತು ಸೆರಗಿನಿಂದ ಕಣ್ಣೊರೆಸಿಕೊಳ್ಳುತ್ತಿದ್ದಳು. ಅವಳ ತುಟಿಗಳು ಮೆಲ್ಲಗೆ ಅಲುಗುತ್ತಿದ್ದವು. ಬೆಳ್ಳನ ಮರಿಯೊಂದು, ಬೆಳ್ಳನ ಮರಿಯೊಂದು. ಮರೆಯಬಾರದೆಂದು ಮತ್ತೆ ಮತ್ತೆ ಹೇಳಿಕೊಳ್ಳುತ್ತಿದ್ದಳು.

ವೈಶಾಲಿ ನಾಲ್ಕನೆಯ ಸಾಲಿಗೆ ಬಾಯಿ ತೆರೆದಳು. ದನಿ ಹೊರಡಲಿಲ್ಲ.

ಡೊಳ್ಳು ಎರಡು ಸುತ್ತು ಕಾದು ನಿಂತಿತು. ಮರೆತಿರಬೇಕು ಹುಡುಗಿ ಎಂದು ಯಾರೋ ಅಂದರು. ಕಲ್ಮೇಶಣ್ಣ ಕೈಸನ್ನೆ ಮಾಡಿ, ಬೇಕಿದ್ದರೆ ಮೊದಲಿನಿಂದ ತೆಗೆಯೋಣ ಎಂದ.

"ಅದು ಆಯಿದಲ್ಲ," ಎಂದಳು ವೈಶಾಲಿ. ಅವಳು ನೋಡಿದ್ದು ರತ್ನಾಬಾಯಿಯನ್ನು. "ನಾ ಕಟ್ಟಿದ್ದು. ಆಯಿದು ನನಗ ಗೊತ್ತಿಲ್ರಿ."

ರತ್ನಾಬಾಯಿಯ ತುಟಿಗಳು ನಿಂತವು. ಅವಳು ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. ಸೆರಗನ್ನು ಮಡಿಲಲ್ಲಿ ಇಟ್ಟುಕೊಂಡು ಅವಳು ನೆಲ ನೋಡಿದಳು.

ಮುತ್ಯಾ ಡೊಳ್ಳಿನ ಮೇಲೆ ಅಂಗೈ ಊರಿದ. "ಎಷ್ಟ ಸಾಲ ಬರಂಗಿಲ್ಲ, ತಂಗಿ?"

"ಐದು."

"ಹಿಂದ ಹೋಗಿ ಕುಂದ್ರು. ನಿನ್ನ ಅರ್ಧ ನೀ ಹಾಡು. ಆಕೀದು ಆಕಿಗಿ ಬಿಡು."

ವೈಶಾಲಿ ಎದ್ದು ಹೋಗಿ ಮಾಲಾಳ ಪಕ್ಕ ಕೂತಳು. ಮಾಲಾ ಅವಳ ಕಡೆ ನೋಡಲಿಲ್ಲ, ಆದರೆ ಸರಿದು ಜಾಗ ಕೊಟ್ಟಳು. ಮುಂದಿನ ಚಾಪೆ ಖಾಲಿ ಉಳಿಯಿತು.

ಡೊಳ್ಳು ಮತ್ತೆ ಶುರುವಾಯಿತು. ಗೊತ್ತಿದ್ದ ಎರಡು ಸಾಲನ್ನು ಇಬ್ಬರೂ ಕೂಡಿ ಹಾಡಿದರು. ಮೂರನೆಯದಕ್ಕೆ ಬಂದಾಗ ಮುತ್ಯಾ ಬಡಿತವನ್ನು ಸಣ್ಣಗೆ ಮಾಡಿದ, ಆಯಿ ಹಾಡುವಾಗ ಮಾಡುತ್ತಿದ್ದ ಹಾಗೆ. ಯಾರೂ ಹಾಡಲಿಲ್ಲ. ಕೂತವರೆಲ್ಲ ಆ ಖಾಲಿ ಚಾಪೆಯನ್ನೇ ನೋಡುತ್ತಿದ್ದರು. ರತ್ನಾಬಾಯಿಯೂ ತಲೆಯೆತ್ತಿ ನೋಡಿದಳು.

ಎಷ್ಟು ಉದ್ದವಿತ್ತು ಸಾಲಿನ ಆ ಖಾಲಿ ಅರ್ಧ. ಇಷ್ಟೊಂದು ಹಾಡುತ್ತಿದ್ದಳೇ ಆಯಿ, ಪ್ರತಿ ಸಲವೂ? ಮೂರು ವರ್ಷ ಅಷ್ಟು ಹತ್ತಿರ ಕೂತು ವೈಶಾಲಿ ಕೇಳಿದ್ದು ಒಂದನ್ನೇ: ಆಯಿ ಯಾವಾಗ ನಿಲ್ಲಿಸುತ್ತಾಳೆ, ತನ್ನ ಪಾಳಿ ಯಾವಾಗ ಬರುತ್ತದೆ ಎಂಬುದನ್ನು.

ಈಗ ಅವಳು ಕಿವಿಗೊಟ್ಟಳು. ಬರೀ ಡೊಳ್ಳು ಕೇಳಿಸಿತು.

ಮಾಲಾ ಮೊಣಕೈ ತಾಗಿಸಿದಳು. ಇಬ್ಬರೂ ತಮ್ಮ ಅರ್ಧವನ್ನು ಎತ್ತಿಕೊಂಡರು. ಇನ್ನೂ ನಾಲ್ಕು ಸಾಲು ಉಳಿದಿದ್ದವು.