ಎರವಲು ನೋವು

ಪಟ್ಟಿಯ ದೀಪ ಹಸಿರಾಗಿಯೇ ಇತ್ತು. ತಾಯಮ್ಮ ಸೊಸೆಯ ಬೆನ್ನ ಮೇಲಿನ ಸೆರಗನ್ನು ಸರಿಸಿ ನೋಡಿ, "ಹಸುರದ" ಎಂದು ತನಗೆ ತಾನೇ ಹೇಳಿಕೊಂಡು ಒಲೆಯ ಕಡೆ ಹೋದಳು. ಹುಲಿಗೆಮ್ಮನ ಮುಖವನ್ನು ನೋಡಲಿಲ್ಲ. ನೋಡಿದ್ದರೆ, ಅವಳು ಕೆಳತುಟಿ ಕಚ್ಚಿಕೊಂಡು ಕಂಬ ಹಿಡಿದು ನಿಂತದ್ದು ಕಾಣುತ್ತಿತ್ತು.

ಅದರ ಸರ್ಕಾರಿ ಹೆಸರು ಪ್ರಸವಸೂಚಕ ಪಟ್ಟಿ. ಏಳು ತಿಂಗಳು ತುಂಬಿದ ಪ್ರತಿ ಬಸುರಿಗೂ ಅದನ್ನು ಕೊಡುತ್ತಿದ್ದರು. ಬಟ್ಟೆಯಂತೆ ಮೆತ್ತಗಿದ್ದ ಆ ಪಟ್ಟಿಯೊಳಗೆ ಕೂದಲಿಗಿಂತ ತೆಳುವಾದ ಶ್ರವಣತಂತುಗಳಿದ್ದವು. ಗರ್ಭಕೋಶದ ಬಿಗಿತ, ಕೂಸಿನ ಎದೆಬಡಿತ, ಅದರ ಹೊರಳಾಟ ಎಲ್ಲವನ್ನೂ ಅವು ಆಲಿಸುತ್ತಿದ್ದವು. ಕೊನೆಯ ವಾರಗಳಲ್ಲಿ ಬಂದು ಹೋಗುವ ಹುಸಿನೋವು ಯಾವುದು, ಹೆರಿಗೆಯ ನಿಜನೋವು ಯಾವುದು ಎಂದು ಪಟ್ಟಿಯೇ ತೀರ್ಮಾನಿಸುತ್ತಿತ್ತು. ಹಸಿರೆಂದರೆ ಕ್ಷೇಮ, ಹಳದಿಯೆಂದರೆ ಸಿದ್ಧರಾಗಿ, ಕೆಂಪೆಂದರೆ ಹೊರಡಿ. ಕೆಂಪು ಹತ್ತಿದರೆ ಸಾಕು, ಯಾರೂ ಕರೆಯದಿದ್ದರೂ ಕೇಂದ್ರದಿಂದ ಹಾರುತೊಟ್ಟಿಲು ಎದ್ದು ಬಂದು ಬಸುರಿಯನ್ನು ಆಸ್ಪತ್ರೆಗೆ ಒಯ್ಯುತ್ತಿತ್ತು.

ಕೃಷ್ಣಾ ಹೊಳೆಯ ನಡುಗಡ್ಡೆಯಾದ ಹೊಂಗಲಗಡ್ಡಿಗೆ ಇದಕ್ಕಿಂತ ದೊಡ್ಡ ವರ ಬೇರೆ ಇರಲಿಲ್ಲ. ಮೊದಲೆಲ್ಲ ದಿನ ತುಂಬುವ ಹೆಂಗಸರನ್ನು ಹೊಳೆ ಏರುವ ಮುಂಚೆಯೇ ದಡದ ಊರಿನ ನೆಂಟರ ಮನೆಗೆ ಸಾಗಿಸುತ್ತಿದ್ದರು. ಹಳೆಯ ಸೀರೆಯ ತುಂಡು, ಕೂಸಿನ ಕುಲಾಯಿ, ಬಾಣಂತಿಯ ಕಿವಿಗೆ ಕಟ್ಟುವ ಬಟ್ಟೆ ಎಲ್ಲ ತಿಂಗಳ ಮೊದಲೇ ಗಂಟಾಗಿರುತ್ತಿದ್ದವು. ಪಟ್ಟಿ ಬಂದ ಮೇಲೆ ಗಂಟು ಕಟ್ಟುವುದೂ ತಪ್ಪಿತು, ಮೊದಲೇ ದಾಟುವುದೂ ತಪ್ಪಿತು. ಇನ್ನೊಂದೂ ತಪ್ಪಿತ್ತು. ಅದನ್ನು ಹುಲಿಗೆಮ್ಮ ಮಾತ್ರ ಗಮನಿಸಿದ್ದಳು. "ಹೆಂಗಿದ್ದಿಯವ್ವ, ಕೂಸು ಆಡ್ತದೇನು?" ಎಂದು ಈಗ ಯಾರೂ ಕೇಳುತ್ತಿರಲಿಲ್ಲ. ಬಂದವರು ಮೊದಲು ದೀಪ ನೋಡುತ್ತಿದ್ದರು.

ಕುಬಸದ, ಅಂದರೆ ಸೀಮಂತದ, ದಿನವಂತೂ ಉಡಿ ತುಂಬಲು ಬಂದ ಹೆಂಗಸರ ಕಣ್ಣೆಲ್ಲ ಆ ಹಸಿರು ದೀಪದ ಮೇಲೆಯೇ ಇದ್ದವು. ಅವರು ಹೋದ ಮೇಲೆ ತಾಯಮ್ಮ ಉಪ್ಪು ಮೆಣಸಿನಕಾಯಿ ನಿವಾಳಿಸಿ ಒಲೆಗೆ ಹಾಕಿದಳು. "ಚೆಂದ ಅದೀನಿ ಅಂತ ಮಂದಿಗೆ ದೀಪ ಹಚ್ಚಿ ತೋರಿಸ್ತಾರೇನು?" ಎಂದು ಪಟ್ಟಿಯನ್ನು ಬೆನ್ನಿಗೆ ತಿರುಗಿಸಿ ಸೆರಗು ಹೊದಿಸಿದಳು. ಅತ್ತೆಯ ಮಾತಿಗೆ ಹುಲಿಗೆಮ್ಮ ಎದುರಾಡಲಿಲ್ಲ. ಅವಳು ಯಾರ ಮಾತಿಗೂ ಎದುರಾಡಿದವಳಲ್ಲ. ಪಟ್ಟಿ ಅಂದಿನಿಂದ ಹಾಗೆಯೇ ಇತ್ತು.

ಇವತ್ತು ಮೇಲಿನ ಅಣೆಕಟ್ಟಿನಿಂದ ನೀರು ಬಿಟ್ಟಿದ್ದರು. ಆಚೆ ದಡಕ್ಕೆ ಮೀನು ಮಾರಲು ಹೋಗಿದ್ದ ಗಂಡ ಅಮರೇಶ ಅಲ್ಲೇ ಸಿಕ್ಕಿಬಿದ್ದಿದ್ದ. ಹರಿಗೋಲುಗಳನ್ನು ಮೇಲಕ್ಕೆ ಎಳೆದು ಬೋರಲು ಹಾಕಿದ್ದರು.

ನಸುಕಿನಲ್ಲಿ ಎದ್ದಾಗ ಹಾಸಿಗೆ ಒದ್ದೆಯಾಗಿತ್ತು. ನಾಚಿಕೆಯಿಂದ ಹುಲಿಗೆಮ್ಮ ಯಾರಿಗೂ ಹೇಳದೆ ಒಗೆದು ಹಾಕಿದ್ದಳು. ಆಮೇಲೆ ಬೆನ್ನ ಕೆಳಗೆ ನೋವು ಶುರುವಾಯಿತು. ಯಾರೋ ಹೆಬ್ಬೆರಳೊತ್ತಿ ಎಲುಬು ಬಿಡಿಸಿದಂತೆ ಬರುವುದು, ಬಿಡುವುದು. ಮಧ್ಯಾಹ್ನದ ಹೊತ್ತಿಗೆ ಬಿಡುವ ಹೊತ್ತು ಕಮ್ಮಿಯಾಗಿ ಬರುವ ಹೊತ್ತು ಹೆಚ್ಚಾಯಿತು.

"ಅತ್ತಿ, ನನಗ್ಯಾಕೋ ಬ್ಯಾನಿ ಬಂದಂಗ ಆಗ್ಯದ."

"ದೀಪ ಹಸುರದಲ್ಲವ್ವ. ಹುಸಿನೋವು. ಎರಡು ಹೆಜ್ಜಿ ಅಡ್ಡಾಡು, ಹೋಗ್ತದ."

"ಮುಂಜಾನಿಂದ ಅಡ್ಡಾಡೇ ಇದ್ದೀನಿ."

ಇಷ್ಟು ಮಾತೂ ಆಡದ ಸೊಸೆ ಇವಳು. ತಾಯಮ್ಮ ಆಗ ಮೊದಲ ಸಲ ಅವಳ ಮುಖ ನೋಡಿದಳು. ನೋಡಿ, ರೊಟ್ಟಿ ಹಿಟ್ಟಿನ ಕೈಯಲ್ಲೇ ಗೋಡೆಯ ಮಾತುಪರದೆಯನ್ನು ಮುಟ್ಟಿದಳು.

ಪರದೆಯಲ್ಲಿ ಬಂದವರು ಡಾ. ಮೇದಿನಿ. ಈ ಪಟ್ಟಿಯನ್ನು ಕಂಡುಹಿಡಿದ ವಿಜ್ಞಾನಿ ಅವರೇ. ಆಚೆ ದಡದ ಕೇಂದ್ರದ ಆಸ್ಪತ್ರೆಯಲ್ಲಿದ್ದರು.

"ನಿಮ್ಮ ಪಟ್ಟಿಯ ಪ್ರಕಾರ ಹೆರಿಗೆಗೆ ಇನ್ನೂ ಸಮಯವಿದೆ, ಗಾಬರಿ ಬೇಡ" ಎನ್ನುತ್ತಿದ್ದವರು ನಡುವೆಯೇ ನಿಂತರು. "ದೀಪ ಎಲ್ಲಿ? ಮುಂದೆ ಕಾಣುತ್ತಿಲ್ಲವಲ್ಲ."

"ಬೆನ್ನಿಗದ್ರಿ" ಎಂದಳು ತಾಯಮ್ಮ. "ದೃಷ್ಟಿ ಆಗ್ತದಂತ ತಿರುಗಿಸಿದ್ದೆ."

"ಯಾವಾಗಿನಿಂದ?"

"ಕುಬಸ ಆದಾಗಿಂದ್ರಿ."

ಡಾ. ಮೇದಿನಿ ಹಣೆ ಒತ್ತಿಕೊಂಡರು. ಹಸಿರಿರುವ ಪಟ್ಟಿಯ ವಿವರವನ್ನು ಕೇಂದ್ರದಲ್ಲಿ ಯಾರೂ ತೆರೆದು ನೋಡುತ್ತಿರಲಿಲ್ಲ. ಅವರು ಹೇಳಿದಂತೆ ತಾಯಮ್ಮ ಪಟ್ಟಿಯನ್ನು ಹೊಟ್ಟೆಗೆ ತಿರುಗಿಸಿದಳು. ಮೂವರೂ ದೀಪವನ್ನೇ ನೋಡಿದರು. ಅದು ಹಸಿರಾಗಿಯೇ ಉಳಿಯಿತು.

"ಅದ ನೋಡ್ರಿ, ಹುಸಿನೋವೇ" ಎಂದಳು ತಾಯಮ್ಮ, ಉಸಿರು ಬಿಟ್ಟು.

"ಇಲ್ಲ. ಪಟ್ಟಿ ಮೊದಲು ಮೈಯನ್ನು ಕಲಿಯುತ್ತದೆ. ನಿನ್ನೆಗಿಂತ ಇವತ್ತು ಏನು ಬದಲಾಯಿತು ಎಂದು ಹೋಲಿಸಿ ಹೇಳುತ್ತದೆ. ಇದು ಇಷ್ಟು ದಿನ ಬೆನ್ನನ್ನು ಕಲಿತಿದೆ, ಹೊಟ್ಟೆಯ ಪರಿಚಯವೇ ಉಳಿದಿಲ್ಲ. ಈಗ ಹೊಸದಾಗಿ ಕಲಿಯಬೇಕು. ಕಲಿಯುವವರೆಗೆ ಹಸಿರನ್ನೇ ತೋರಿಸುತ್ತದೆ."

"ಹಂಗಾದ್ರ ನೀವೇ ತೊಟ್ಟಿಲ ಕಳಿಸ್ರಿ."

"ನನ್ನ ಮಾತಿಗೂ ಅದು ಏಳುವುದಿಲ್ಲ" ಎಂದರು ಡಾ. ಮೇದಿನಿ. ಹಿಂದೆ ಜನ ಗಾಬರಿಯಾದಾಗಲೆಲ್ಲ ಕರೆದು, ನಿಜವಾಗಿ ಬೇಕಾದವರಿಗೆ ಹಾರುತೊಟ್ಟಿಲು ಸಿಗದಂತಾಗಿತ್ತು. ಅದಕ್ಕೇ ಅದು ಮನುಷ್ಯರ ಮಾತಿಗೆ ಏಳದಂತೆ, ಕೆಂಪು ದೀಪಕ್ಕೆ ಮಾತ್ರ ಏಳುವಂತೆ ಅವರೇ ಮಾಡಿಸಿದ್ದರು.

"ಹುಲಿಗೆಮ್ಮ, ನೀನು ಹೇಳಮ್ಮ" ಎಂದರು ಕೊನೆಗೆ. "ನೋವು ಹೇಗಿದೆ?"

ಹುಲಿಗೆಮ್ಮ ಪರದೆಯ ಕಡೆ ತಿರುಗಿದಳು. ಇಷ್ಟು ದೊಡ್ಡವರು ತನ್ನನ್ನು ಕೇಳುತ್ತಿದ್ದಾರೆ. ಏನು ಹೇಳಿದರೆ ತಪ್ಪಾದೀತೋ. ಅಷ್ಟರಲ್ಲಿ ನೋವು ಬಂತು. ಕಂಬಕ್ಕೆ ಹಣೆಯಿಟ್ಟು ಅದು ದಾಟುವವರೆಗೆ ಕಾದಳು. ಪರದೆಯಾಚೆ ಡಾಕ್ಟರೂ ಸುಮ್ಮನೆ ಕಾದರು.

"ಬೆನ್ನಾಗ ಹುಟ್ತದ್ರಿ. ಮುಂದಕ್ಕ ಬರಂಗಿಲ್ಲ. ಕುಂತ್ರೂ ಅಷ್ಟೇ, ಅಡ್ಡಾಡಿದ್ರೂ ಅಷ್ಟೇ. ಬಂದಾಗ ಮಾತಾಡಾಕ ಆಗಂಗಿಲ್ಲ. ಮುಂಜಾನಿ ಒಂದು ರೊಟ್ಟಿ ಬಡಿದು ಬೇಯಿಸೋತನ ಬಿಡುವಿತ್ತು. ಈಗ ಬಡಿಯಾಕೂ ಬಿಡುವಿಲ್ಲ."

"ನೀರು ಹೋಗಿದೆಯಾ?"

ಅವಳು ಅತ್ತೆಯ ಕಡೆ ನೋಡಿ ತಲೆ ತಗ್ಗಿಸಿದಳು. "ನಸುಕಿನ್ಯಾಗ ಹಾಸಿಗಿ ಒದ್ದಿ ಆಗಿತ್ರಿ. ಈಗೂ ಸೋರ್ತದ."

"ಬಣ್ಣ?"

"ಹೆಸರುಕಾಳು ನೆನೆ ಹಾಕಿದ ನೀರು ಇರ್ತದಲ್ರಿ, ಹಂಗ."

ಡಾ. ಮೇದಿನಿ ಎದ್ದು ನಿಂತದ್ದು ಪರದೆಯಲ್ಲಿ ಕಂಡಿತು. ಮಾತು ಸಣ್ಣದಾಯಿತು. "ಕೂಸು ಒಳಗೇ ಮಲ ಬಿಟ್ಟಿದೆ. ಅದಕ್ಕೆ ಕಷ್ಟವಾಗುತ್ತಿರಬಹುದು. ಅದು ನಿನ್ನ ಬೆನ್ನಿಗೆ ಬೆನ್ನು ಕೊಟ್ಟು ಮಲಗಿರಬೇಕು, ಅದಕ್ಕೇ ನೋವು ಹಿಂದೆ. ಬೇಗ ಇಲ್ಲಿಗೆ ಬರಬೇಕು. ಎಡಮಗ್ಗುಲಿಗೆ ಮಲಗಿಕೋ. ಪರದೆ ಆರಿಸಬೇಡಿ."

ಅವರು ವಾರ್ಡಿನೊಳಕ್ಕೆ ನಡೆದರು. ಅಲ್ಲಿ ಮಂಚದ ಮೇಲೆ ಒಬ್ಬ ಹೆಂಗಸು ನೋವು ತಿನ್ನುತ್ತಿದ್ದಳು. ಹೊಟ್ಟೆಯ ಮೇಲೆ ಕೆಂಪು ದೀಪ ಉರಿಯುತ್ತಿತ್ತು. ಹೆಸರು ಖಾಜಾಬಿ. ಹೆರಿಗೆಗೆ ಹೆಂಗಸರು ತವರಿಗೆ ಹೋಗುವುದು ರೂಢಿಯಾದ್ದರಿಂದ ಪಟ್ಟಿಯಲ್ಲಿ ಊರು ಬದಲಿಸಿಕೊಳ್ಳುವ ಅವಕಾಶವಿತ್ತು. ಕಟ್ಟಿಕೊಂಡವಳೇ ಬೆರಳಿಟ್ಟು ಊರಿನ ಹೆಸರು ಹೇಳಬೇಕು. ಹಾರುತೊಟ್ಟಿಲು ಆ ಊರಿಗೇ ಹೋಗುತ್ತದೆ.

"ಖಾಜಾಬಿ, ಹೊಳೆಯ ನಡುವೆ ಒಬ್ಬ ಬಸುರಿ ಸಿಕ್ಕಿಕೊಂಡಿದ್ದಾಳೆ. ನಿನ್ನ ಕೆಂಪು ಬೇಕು. ಆದರೆ ಊರು ಬದಲಾದರೆ ಪಟ್ಟಿ ನಿನ್ನ ಲೆಕ್ಕ ನಮಗೆ ತೋರಿಸುವುದಿಲ್ಲ. ನಾನೇ ಪಕ್ಕದಲ್ಲಿ ಕೂತು ಕೈಯಿಂದ ನೋಡಬೇಕಾಗುತ್ತದೆ."

"ಯಾ ಊರಂತ ಹೇಳಲ್ರಿ?" ಎಂದಳು ಖಾಜಾಬಿ, ಹಲ್ಲು ಕಚ್ಚಿ. "ಜಲ್ದಿ ಹೇಳ್ರಿ, ಮತ್ತೊಂದು ಬರಾಕತ್ಯದ."

ಹೊಂಗಲಗಡ್ಡಿಯಲ್ಲಿ ಹುಲಿಗೆಮ್ಮ ಆ ಮಾತು ಕೇಳಿದಳು. ಅಪರಿಚಿತ ಹೆಂಗಸಿನ ನರಳಾಟವೂ ಕೇಳಿಸಿತು. ಇಬ್ಬರ ನೋವೂ ಒಟ್ಟಿಗೇ ಬಂದಿತ್ತು. ಇವಳು ಕೂಗಲಿಲ್ಲ. ಅವಳು ಕೂಗಿದಳು. ಆ ಕೂಗಿನ ನಡುವೆ ಊರಿನ ಹೆಸರೂ ಇತ್ತು.

ತಾಯಮ್ಮ ಮನೆಯೆಲ್ಲ ಹುಡುಕಿದಳು. ಮೆತ್ತನೆಯ ಒಂದು ತುಂಡು ಬಟ್ಟೆ ಕೈಗೆ ಸಿಗಲಿಲ್ಲ. ಹೊದ್ದ ಸೆರಗನ್ನೇ ಹರಿದಳು. "ಕೂಸು ಒದೀತದೇನವ್ವ?" ಎಂದು ಕೇಳಿದಳು. ಕೆಲ ಹೊತ್ತಿಗೆ ಮತ್ತೆ ಕೇಳಿದಳು. ಹುಲಿಗೆಮ್ಮ ಹೊಟ್ಟೆಯ ಮೇಲೆ ಅಂಗೈಯಿಟ್ಟು ಕಾಯುತ್ತಿದ್ದಳು. ಬಹಳ ಹೊತ್ತು ಏನೂ ಇರಲಿಲ್ಲ. ಆಮೇಲೆ ಪಕ್ಕೆಯ ಹತ್ತಿರ ಸಣ್ಣಗೆ ಒಮ್ಮೆ ಮಿಸುಕಿದಂತಾಯಿತು. "ಹೂಂ" ಎಂದಳು. ಹೊರಗೆ ಹೊಳೆಯ ಸದ್ದಿನ ಮೇಲೆ ಇನ್ನೊಂದು ಸದ್ದು ಬಂತು.

ಸಂಜೆಗೆ ಆಚೆ ದಡದ ಆಸ್ಪತ್ರೆಯಲ್ಲಿ ಹುಲಿಗೆಮ್ಮನ ಹೊಟ್ಟೆ ಕೊಯ್ದು ಕೂಸು ತೆಗೆದರು. ಹೆಣ್ಣು. ಮೊದಲು ಅಳಲಿಲ್ಲ. ಬಾಯಿ ಮೂಗು ಸ್ವಚ್ಛ ಮಾಡಿ, ಬೆನ್ನು ತಿಕ್ಕಿ, ಉಸಿರು ಕೊಟ್ಟ ಮೇಲೆ ಬೆಕ್ಕಿನ ಮರಿಯಂತೆ ದನಿ ಮಾಡಿತು. ಪಕ್ಕದ ಮಂಚದಲ್ಲಿ ಖಾಜಾಬಿಯ ಮಗ ಆಗಲೇ ಹಾಲು ಕುಡಿದು ಮಲಗಿದ್ದ.

"ನಿನ್ನ ಸಲುವಾಗಿ ನಾ ಎರಡು ಸಲ ಹಡದಂಗಾತು ನೋಡು" ಎಂದಳು ಖಾಜಾಬಿ. ಹುಲಿಗೆಮ್ಮ ನಕ್ಕಳು. ಹೊಲಿಗೆ ನೋಯಿತು.

ಕಥೆ ಇಲ್ಲಿಗೆ ಮುಗಿಯಬೇಕಿತ್ತು. ಆದರೆ ಆ ಮಳೆಗಾಲ ಮುಗಿಯುವ ಮುಂಚೆಯೇ ನಡುಗಡ್ಡೆಯ ಮುದುಕ ಗದ್ದೆಪ್ಪನಿಗೆ ಎದೆ ಹಿಡಿದುಕೊಂಡಿತು. ಹೊಳೆ ತುಂಬಿತ್ತು. ಹುಲಿಗೆಮ್ಮ ತಾನಾಗಿಯೇ ಪರದೆ ಮುಟ್ಟಿ ವಾರ್ಡಿಗೆ ಮಾತಾಡಿದಳು. ಅಂದು ನೋವು ತಿನ್ನುತ್ತಿದ್ದ ಯಾರೋ ತಮ್ಮ ಪಟ್ಟಿಗೆ ಬೆರಳಿಟ್ಟು ಹೊಂಗಲಗಡ್ಡಿ ಎಂದರು. ಗದ್ದೆಪ್ಪ ಹಾರುತೊಟ್ಟಿಲಲ್ಲಿ ಹೋಗಿ ಬದುಕಿ ಬಂದ. ಆಮೇಲೆ ಹಾವು ಕಚ್ಚಿದ ದುರುಗಮ್ಮ ಹೋದಳು. ಬಂಡೆಯಿಂದ ಜಾರಿ ಕಾಲು ಮುರಿದುಕೊಂಡ ಬೆಸ್ತರ ಯಂಕೋಬ ಹೋದ, ಹೀಗೆ ಇನ್ನೂ ಎಷ್ಟೋ ಮಂದಿ ಹೋದರು. ಕೆಂಪು ಕೇಳಿದಾಗ ವಾರ್ಡಿನಲ್ಲಿ ಇಲ್ಲವೆಂದವರು ಯಾರೂ ಇಲ್ಲ. ಡಾ. ಮೇದಿನಿಗೆ ಎಲ್ಲ ಗೊತ್ತಿತ್ತು. ಊರು ಬದಲಿಸುವ ಅವಕಾಶವನ್ನು ಅವರು ತೆಗೆಸಲಿಲ್ಲ. ಕೇಳಿದರೆ, ತವರಿಗೆ ಹೋಗುವ ರೂಢಿ ಇದೆಯಲ್ಲ ಎನ್ನುತ್ತಿದ್ದರು.

ಆದರೆ ರಾಜಧಾನಿಯ ಗಣಕಕ್ಕೆ ಗದ್ದೆಪ್ಪನೂ ಗೊತ್ತಿಲ್ಲ, ಹಾವೂ ಗೊತ್ತಿಲ್ಲ. ಅದಕ್ಕೆ ಗೊತ್ತಿದ್ದದ್ದು ಒಂದೇ, ಕೆಂಪು ಹತ್ತಿ ಯಾವ ಊರಿನ ಹೆಸರು ಬಂದರೆ ಅಲ್ಲೊಂದು ಹೆರಿಗೆ. ನಾಡಿನಲ್ಲೇ ಅತಿ ಹೆಚ್ಚು ಹೆರಿಗೆ ಆಗುವ ಊರೆಂದು ಹೊಂಗಲಗಡ್ಡಿಯನ್ನು ಆರಿಸಿ, ಅಲ್ಲಿಗೊಂದು ಹೆರಿಗೆ ಮನೆಯನ್ನೂ ಅಲ್ಲೇ ಉಳಿಯುವ ನರ್ಸನ್ನೂ ಅದು ಮಂಜೂರು ಮಾಡಿತು.

ನರ್ಸ್ ಸುಗಂಧಿ ಹರಿಗೋಲಿನಿಂದ ಇಳಿದಾಗ ಊರೆಲ್ಲ ದಡದಲ್ಲಿತ್ತು. ಅವಳ ಹಿಂದೆ ಲಸಿಕೆಯ ಪೆಟ್ಟಿಗೆಗಳೂ ಮಡಿಸಿದ ತೊಟ್ಟಿಲುಗಳೂ ಇಳಿದವು. ಅವಳು ಸುತ್ತ ನೋಡಿದಳು.

"ಕೂಸುಗಳೆಲ್ಲ ಎಲ್ಲ್ಯವ?"

ಹೆಂಗಸರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ತಾಯಮ್ಮ ಕೂಡ ಸೆರಗಿನಿಂದ ಬಾಯಿ ಮುಚ್ಚಿಕೊಂಡಳು. ಹುಲಿಗೆಮ್ಮ ಮಗಳನ್ನು ಸೊಂಟಕ್ಕೆ ಏರಿಸಿಕೊಂಡು ಮುಂದೆ ಬಂದಳು.

"ಬರ್ರಿ ಅಕ್ಕಾರೆ, ನೆಳ್ಳಾಗ ಕುಂದರ್ರಿ" ಎಂದಳು. "ಒಬ್ಬೊಬ್ಬರನ್ನ ತೋರಿಸ್ತೀನಿ. ಗದ್ದೆಪ್ಪಜ್ಜ, ಮೊದಲ ನೀ ಬಾ."